ಉಸಿರಿಗಿಂತ ತೆಳುವಾದ ಹೋಳು

ಜಪಾನಿನ ಮುರಕಾಮಿ ಊರಿನಲ್ಲಿ ಚಿಗುಸಾಳಷ್ಟು ತೆಳುವಾಗಿ ಕತ್ತರಿಸುವವರು ಹಿಂದೆ ಹುಟ್ಟಿರಲಿಲ್ಲ. ಮುಂದಿನ ಮೂರು ತಲೆಮಾರಿಗೂ ಹುಟ್ಟುವ ಲಕ್ಷಣವಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ಅವಳು ಕತ್ತರಿಸಿದ ಹೋಳುಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಏಣಿಯಾಗುತ್ತಿತ್ತು ಎಂದರೆ ಶುದ್ಧ ಸುಳ್ಳಾಗುತ್ತದೆ. ಅಷ್ಟನ್ನೂ ಪೇರಿಸಿದರೆ ಅವಳ ಮಂಡಿಯ ಎತ್ತರವೂ ಬರುವುದಿಲ್ಲ, ಅಷ್ಟು ತೆಳು. ಅವಳ ಹೋಳು ಬಿಸಿನೀರಿನ ತಟ್ಟೆಯ ಮೇಲೆ ತೇಲುವಾಗ ತನ್ನ ಮೇಲೆ ಏನೋ ಮಲಗಿದೆ ಎಂಬುದು ನೀರಿಗೇ ತಿಳಿಯುತ್ತಿರಲಿಲ್ಲ. ಉಳಿದವರು ನಾಲ್ಕು ಮೈಕ್ರಾನಿಗೆ ಕತ್ತರಿಸಿ ಹಣೆ ಒರೆಸಿಕೊಳ್ಳುವಷ್ಟರಲ್ಲಿ ಚಿಗುಸಾ ಎರಡಕ್ಕೆ ಕತ್ತರಿಸಿ ಆಕಳಿಸುತ್ತಿದ್ದಳು. ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಅದರಲ್ಲಿ ಎರಡೇ ಎರಡು ಪಾಲು ಎತ್ತಿಕೊಂಡರೆ ಎಷ್ಟೋ ಅಷ್ಟು. ನಿಯಿಗಾತಾ ಎಂಬ ದೊಡ್ಡ ಊರಿನಿಂದ ಬಂದ ತಜ್ಞರೊಬ್ಬರು ಅವಳು ಹೋಳು ಕೂರಿಸಿದ್ದ ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು, ಇದರಲ್ಲಿ ಏನೂ ಇಲ್ಲವಲ್ಲ ಎಂದು ಹಿಂದಕ್ಕೆ ಕೊಟ್ಟದ್ದು ಇಂದಿಗೂ ಅಲ್ಲಿ ಕಥೆಯಾಗಿ ಓಡಾಡುತ್ತಿದೆ.

ಕೆಲಸ ಇಷ್ಟೇ. ರೋಗಿಯ ಮೈಯಿಂದ ತೆಗೆದ ಚೂರು ಮೇಣದ ಅಚ್ಚಿನೊಳಗೆ ಕೂತು ಬರುತ್ತದೆ. ಅದನ್ನು ಮಂಜುಗಡ್ಡೆಯ ಮೇಲಿಟ್ಟು ತಣಿಸಿ, ಯಂತ್ರಕ್ಕೆ ಸಿಕ್ಕಿಸಿ, ಅಲಗು ಎಳೆಯುವ ಮುನ್ನ ಮುಖಗವುಸನ್ನು ಗದ್ದಕ್ಕೆ ಇಳಿಸಿ, ಅಚ್ಚಿನ ಮೇಲೆ 'ಹಾ' ಎಂದು ಒಮ್ಮೆ ಉಸಿರು ಬಿಡಬೇಕು. ಚಳಿಗಾಲದಲ್ಲಿ ಕನ್ನಡಿಯ ಮೇಲೆ ಮಕ್ಕಳು ಬಿಡುವಂಥದ್ದೇ ಉಸಿರು. ಆ ತೇವಕ್ಕೆ ಮೇಣ ಮೆತ್ತಗಾಗಿ ಹೋಳು ಒಡೆಯದೆ, ನಿದ್ದೆಯಲ್ಲಿ ಹೊರಳಿದವರ ಹಾಗೆ ಸುಮ್ಮನೆ ಏಳುತ್ತದೆ. ಉಸಿರು ಕಡಿಮೆಯಾದರೆ ಮೇಣ ಅದುರಿ ಹೋಳಿನಲ್ಲಿ ಸುಕ್ಕು, ಬಿರುಕು, ಅಲ್ಲಲ್ಲಿ ತೀರ ತೆಳು; ಹೆಚ್ಚಾದರೆ ದಪ್ಪ. ಚಿಗುಸಾಳ ಉಸಿರು ಎಷ್ಟು ಹದವಾಗಿತ್ತೆಂದರೆ ರೈಲು ನಿಲ್ದಾಣದವರು ಗಡಿಯಾರ ಕೆಟ್ಟಾಗ ಅವಳನ್ನು ಕರೆಸಬಹುದಿತ್ತು.

ಇದನ್ನು ಕಲಿಸಿದವರು ಕುವಬಾರಾ-ಸಾನ್. ಎರಡು ಸಲ ನಿವೃತ್ತರಾಗಿ, ಎರಡು ಸಲವೂ ಮನೆಯ ದಾರಿ ಮರೆತವರಂತೆ ಪ್ರಯೋಗಾಲಯಕ್ಕೇ ವಾಪಸು ಬಂದ ಹೆಂಗಸು. ಅರವತ್ತೇಳು ವಯಸ್ಸು, ಮಗುವಿನಂಥ ಕೈ, ಮಾತು ಮಾತ್ರ ಉಪ್ಪು ಹಚ್ಚಿದ್ದು. ಯಾವ ಪುಸ್ತಕದಲ್ಲೂ ಇರದ ಒಂದು ಪದ್ಧತಿಯನ್ನು ಆಕೆ ಅಲ್ಲಿ ಜಾರಿಯಲ್ಲಿಟ್ಟಿದ್ದರು: ತನ್ನ ಮೈಯ ಚೂರನ್ನು ತಾನು ಕತ್ತರಿಸಬಾರದು, ಮನೆಯವರದನ್ನೂ ಕೂಡದು. ಅಚ್ಚಿನ ಮೇಲೆ ಬರೀ ಸಂಖ್ಯೆ ಇರುತ್ತದೆ, ಹೆಸರಿರುವುದಿಲ್ಲ ನಿಜ. ಆದರೆ ಆಸ್ಪತ್ರೆ ಸಣ್ಣದು, ಊರು ಅದಕ್ಕಿಂತ ಸಣ್ಣದು. ಗೊತ್ತಾಗಿಯೇ ಆಗುತ್ತದೆ. ಗೊತ್ತಾದವರು ಅಚ್ಚನ್ನು ಪಕ್ಕದವರ ಕಡೆ ಸರಿಸಿ ಕಿಟಕಿಯಾಚೆ ನೋಡಬೇಕು. ಯಾಕೆ ಎಂದು ಕೇಳಿದವರಿಗೆ ಕುವಬಾರಾ-ಸಾನ್, ಉಸಿರು ಸುಳ್ಳು ಹೇಳುತ್ತದೆ ಎಂದಷ್ಟೇ ಹೇಳಿ ಚಹಾ ಕುಡಿಯಲು ಹೋಗುತ್ತಿದ್ದರು.

ಆ ವರ್ಷ ಡಿಸೆಂಬರಿನ ಒಂದು ಮಂಗಳವಾರ ಚಿಗುಸಾ ಆ ಪದ್ಧತಿಯನ್ನು ಮುರಿದಳು.

ಅವಳಿಗೆ ಮೂವತ್ತೆಂಟು. ಹದಿನಾರನೇ ವಯಸ್ಸಿನಿಂದ ಪ್ರತಿ ತಿಂಗಳೂ ಹೊಟ್ಟೆಯೊಳಗೆ ಯಾರೋ ಒದ್ದೆ ಹಗ್ಗ ಹಿಂಡುತ್ತಿದ್ದರು. ಎಂಡೊಮೆಟ್ರಿಯೋಸಿಸ್ ಎಂದು ಡಾಕ್ಟರುಗಳು ಹೆಸರಿಟ್ಟರು. ಗರ್ಭಕೋಶದ ಒಳಪದರದಂಥದೇ ಪದರವೊಂದು ತನ್ನ ಮನೆ ಬಿಟ್ಟು ಹೊರಟು, ಅಂಡಾಶಯದಲ್ಲಿ ಬೀಡುಬಿಟ್ಟು, ತಿಂಗಳಿಗೊಮ್ಮೆ ಅಲ್ಲಿಯೂ ರಕ್ತ ಸುರಿಸುವ ಕಾಯಿಲೆ. ಹೊರಹೋಗಲು ದಾರಿಯಿಲ್ಲದ ಆ ರಕ್ತ ಹಳತಾಗಿ, ಕಪ್ಪಾಗಿ, ಚೀಲ ಕಟ್ಟಿಕೊಳ್ಳುತ್ತದೆ. ಕರಗಿಸಿದ ಚಾಕೊಲೇಟಿನ ಹಾಗೆ ಕಾಣುವುದರಿಂದ ಅಲ್ಲಿನವರೆಲ್ಲ ಅದನ್ನು ಚಾಕೊಲೇಟ್ ಚೀಲ ಎನ್ನುತ್ತಾರೆ. ಹೆಸರು ಕೇಳಿದರೆ ಬಾಯಲ್ಲಿ ನೀರೂರಬೇಕು. ಇಪ್ಪತ್ತೊಂಬತ್ತಕ್ಕೆ ಅವಳ ಬಲಗಡೆಯ ಅಂಡಾಶಯ ಚೀಲದ ಸಮೇತ ಹೋಯಿತು. ಈಗ ಎಡಗಡೆ. ತಿಂಗಳ ಹಿಂದೆ ನಡೆದ ಈ ಸಲದ ಶಸ್ತ್ರಚಿಕಿತ್ಸೆಯಲ್ಲಿ ಚೀಲವನ್ನಷ್ಟೇ ಸುಲಿದು ತೆಗೆದು, ಉಳಿದಿದ್ದನ್ನು ಉಳಿಸಿದ್ದರು.

ಉಳಿದಿದ್ದು ಉಳಿಯುತ್ತದೆಯೇ ಎಂಬುದು ಶುಕ್ರವಾರ ತಿಳಿಯಬೇಕಿತ್ತು. ಇಂಥ ಚೀಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಮುಂದೆ ಕ್ಯಾನ್ಸರ್ ಆಗುತ್ತವೆ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲೇ ಹೇಳುವ ಗುರುತು ಸಿಗುತ್ತದೆಯೇ ಎಂದು ವಿಶ್ವವಿದ್ಯಾಲಯದವರು ಹುಡುಕುತ್ತಿದ್ದರು. ಚಿಗುಸಾ ತನ್ನ ಚೀಲವನ್ನು ಅದಕ್ಕೆ ಕೊಡಲು ಒಪ್ಪಿ ಸಹಿ ಹಾಕಿದ್ದಳು. ಅವರು ಹುಡುಕುವ ಗುರುತುಗಳಲ್ಲಿ ಒಂದರ ಹೆಸರು ಅರಿಡ್-ಒನ್-ಎ. ಅದು ಜೀವಕೋಶದ ನಡುಮನೆಯಲ್ಲಿ ಕೂರುವ ಕಾವಲುಗಾರ. ಬಣ್ಣ ಹಾಕಿದಾಗ ಕಾವಲುಗಾರ ಇರುವ ಮನೆ ಹುರಿದ ಚಹಾದ ಕಂದು ಬಣ್ಣಕ್ಕೆ ಬೆಳಗುತ್ತದೆ. ಇಲ್ಲದ ಮನೆ ಬೆಳ್ಳಗೆ ಉಳಿಯುತ್ತದೆ. ಚೀಲದಿಂದ ಹುಟ್ಟುವ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಈ ಕಾವಲುಗಾರ ಎಂದೋ ಮನೆ ಬಿಟ್ಟಿರುತ್ತಾನೆ. ಅವನಿಲ್ಲದ ಮಾತ್ರಕ್ಕೆ ಕ್ಯಾನ್ಸರ್ ಎಂದೇನಲ್ಲ ಎಂದು ಸ್ತ್ರೀರೋಗದ ಡಾಕ್ಟರಮ್ಮ ಹತ್ತು ಸಲ ಹೇಳಿದ್ದರು. ಹನ್ನೊಂದನೇ ಸಲ, ಚೀಲ ಮತ್ತೆ ಮತ್ತೆ ಬರುತ್ತಿದೆ, ವಯಸ್ಸೂ ನಲವತ್ತರ ಹತ್ತಿರ, ಕಾವಲುಗಾರನೂ ಇಲ್ಲವೆಂದಾದರೆ ಉಳಿದ ಅಂಡಾಶಯವನ್ನೂ ತೆಗೆಯುವ ಮಾತಾಡೋಣ ಎಂದಿದ್ದರು.

ಚಿಗುಸಾಳಿಗೆ ಮಕ್ಕಳ ಆಸೆ ಇತ್ತೆಂದಲ್ಲ, ಇರಲಿಲ್ಲವೆಂದೂ ಅಲ್ಲ. ಆ ಎಡಗಡೆಯ ಅಂಡಾಶಯ ಅವಳಿಗೆ ಇಪ್ಪತ್ತೆರಡು ವರ್ಷದಿಂದ ಪರಿಚಯ. ನೋಯಿಸುತ್ತಿತ್ತು, ಆದರೂ ಸಮುದ್ರದಂತೆ ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹಿಂದೆ ಸರಿಯುತ್ತಿತ್ತು. ಅದು ಹೋದರೆ ತನ್ನೊಳಗೆ ಉಬ್ಬರ ಇಳಿತ ಇಲ್ಲದೆ, ಬಚ್ಚಲ ತೊಟ್ಟಿಯ ನೀರಿನ ಹಾಗೆ ಎಲ್ಲ ದಿನವೂ ಒಂದೇ ದಿನವಾಗುತ್ತದೆ ಎಂದು ಅವಳಿಗೆ ಅನ್ನಿಸಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಮಂಗಳವಾರ ಕುವಬಾರಾ-ಸಾನ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ತಟ್ಟೆಯಲ್ಲಿ ಒಂದು ಅಚ್ಚು ಉಳಿದಿತ್ತು. ಸಂಖ್ಯೆ ನೋಡುವ ಮೊದಲೇ ಅವಳ ಎಡಗಡೆ ಸಣ್ಣಗೆ ಮಿಡಿಯಿತು. ಮೇಣದೊಳಗೆ ಕಂದು ಬಣ್ಣದ ಒಂದು ಸುರುಳಿ, ಹೆಪ್ಪುಗಟ್ಟಿದ ಕೊಳದಲ್ಲಿ ಸಿಕ್ಕಿಬಿದ್ದ ಎಲೆಯಂತೆ ಮಲಗಿತ್ತು. ಪಕ್ಕಕ್ಕೆ ಸರಿಸಬೇಕಿತ್ತು. ಸರಿಸಲಿಲ್ಲ. ತನ್ನದನ್ನು ಬೇರೆಯವರು ನಾಲ್ಕಕ್ಕೆ ಕತ್ತರಿಸುವುದೇ, ಮೂಲಂಗಿಯ ಹಾಗೆ? ಊರಿನ ಸಮಸ್ತ ಹೊಟ್ಟೆಗಳಿಗೂ ಎರಡರ ಹೋಳು ಸಿಕ್ಕಿದ ಮೇಲೆ ತನ್ನ ಹೊಟ್ಟೆಗೆ ಮಾತ್ರ ಯಾಕೆ ಕಡಿಮೆ? ಯಂತ್ರವನ್ನು ಎರಡಕ್ಕಿಟ್ಟಳು. ಅಲಗು ಎಳೆದಳು. ಜಗತ್ತಿನಲ್ಲಿ ಅಂಥ ಹೋಳು ಹಿಂದೆ ಎದ್ದಿರಲಿಲ್ಲ. ಗಾಳಿ ಕೂಡ ಅದನ್ನು ನೋಡಲು ಒಂದು ಕ್ಷಣ ನಿಂತಿತು.

ಬಣ್ಣ ಹಾಕುವ ಯಂತ್ರ ಎರಡೂವರೆ ತಾಸು ತೆಗೆದುಕೊಳ್ಳುತ್ತದೆ. ಪಟ್ಟಿಗಳನ್ನು ಓದಬೇಕಾದ ಡಾಕ್ಟರು ಉಸುಯಿ ಸೆನ್ಸೇ ಮಂಗಳವಾರ ಮತ್ತು ಶುಕ್ರವಾರ ಮಾತ್ರ ವಿಶ್ವವಿದ್ಯಾಲಯದಿಂದ ರೈಲಿನಲ್ಲಿ ಬರುವವರು. ಅಂದಿನ ರೈಲಿಗೆ ಆಗಲೇ ಹೋಗಿದ್ದರು. ಎಲ್ಲರೂ ಕೋಟು ತೊಡುತ್ತಿದ್ದಾಗ ಚಿಗುಸಾ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಜಾರಿಸಿ ಒಂದೇ ಒಂದು ಸಲ ಬಗ್ಗಿ ನೋಡಿದಳು.

ಕಂದು ದೀಪಗಳ ಊರು ಸಾಲಾಗಿ ಬೆಳಗುತ್ತಿತ್ತು. ನಡುವೆ ಒಂದು ಕಡೆ ಬೆಳ್ಳಗೆ. ಬೆರಳಿನ ಉಗುರಿನ ನೂರನೇ ಒಂದು ಪಾಲು ಇದ್ದೀತು. ಅವಳಿಗೆ ಮಾತ್ರ ಅದು ಇಡೀ ಜಪಾನ್ ಸಮುದ್ರಕ್ಕೆ ಹಿಮ ಬಿದ್ದಷ್ಟು ವಿಶಾಲವಾಗಿ ಕಂಡಿತು. ದೀಪ ಆರಿಸಿ, ಪಟ್ಟಿಯನ್ನು ಶುಕ್ರವಾರದ ತಟ್ಟೆಯಲ್ಲಿಟ್ಟು ಮನೆಗೆ ನಡೆದಳು.

ಮನೆಯ ಸೂರಿನಡಿ ಎಂಟು ಸಾಲ್ಮನ್ ಮೀನುಗಳು ತಲೆ ಕೆಳಗಾಗಿ ತೂಗುತ್ತಿದ್ದವು. ಆ ತಿಂಗಳಲ್ಲಿ ಮುರಕಾಮಿಯಲ್ಲಿ ಸೂರು ಇರುವಲ್ಲೆಲ್ಲ ಮೀನು ಇರುತ್ತದೆ. ಊರಿನಲ್ಲಿ ಜನರಿಗಿಂತ ಮೀನಿನ ಸಂಖ್ಯೆ ಹೆಚ್ಚಾಗಿ, ಚುನಾವಣೆ ನಡೆದರೆ ಅವೇ ಗೆಲ್ಲುತ್ತವೆ. ಉಪ್ಪು ತಿಂದು, ಬಡಗಣ ಗಾಳಿ ಕುಡಿದು ಅವು ಮೆಲ್ಲಗೆ ಜೇನಿನಂಥ ಅಂಬರು ಬಣ್ಣಕ್ಕೆ ತಿರುಗುತ್ತಿದ್ದವು. ಒಂದೊಂದರ ಹೊಟ್ಟೆಯಲ್ಲೂ ಎರಡು ಸೀಳು, ಮೇಲೊಂದು ಕೆಳಗೊಂದು. ನಡುವೆ ಎರಡು ಬೆರಳಗಲ ಚರ್ಮ ಹಾಗೇ ಉಳಿದಿತ್ತು. ಹಿಂದೆ ಅದು ಕೋಟೆಯ ಊರು, ಮಾನಕ್ಕಾಗಿ ತಮ್ಮ ಹೊಟ್ಟೆಯನ್ನೇ ಸೀಳಿಕೊಳ್ಳುತ್ತಿದ್ದ ಸಮುರಾಯ್‌ಗಳ ಊರು. ಹೊಟ್ಟೆಯನ್ನು ಮೇಲಿನಿಂದ ಕೆಳಗೆ ಪೂರ್ತಿ ಸೀಳುವುದು ಅಲ್ಲಿ ಯಾರಿಗೂ ಸೇರದು, ಮೀನಿಗೆ ಕೂಡ.

ತಾಯಿ ಇಸೋ ಆ ಮೀನುಗಳ ಕೆಳಗೆ ಹಿಮ ಗುಡಿಸುತ್ತಿದ್ದಳು. ಎಪ್ಪತ್ಮೂರು ವರ್ಷದ ಆ ಹೆಂಗಸು ಮೊದಲ ಹಿಮ ಬೀಳುವ ವಾಸನೆಯನ್ನು ಮೂರು ದಿನ ಮುಂಚೆ, ಮಗಳ ದುಃಖದ ವಾಸನೆಯನ್ನು ಮೂರು ಬೀದಿ ಮುಂಚೆ ಹಿಡಿಯಬಲ್ಲವಳು. ಆದರೆ ಏನಾಯಿತು ಎಂದು ಬಾಯಿ ಬಿಟ್ಟು ಕೇಳಿದವಳಲ್ಲ. ಅಂದೂ ಸ್ನಾನದ ನೀರು ಕಾದಿದೆ ಎಂದಳು, ಅಷ್ಟೇ.

ಬುಧವಾರ ಹೇಗೆ ಕಳೆಯಿತೋ ಚಿಗುಸಾಳಿಗೆ ಆಮೇಲೆ ನೆನಪೇ ಬರಲಿಲ್ಲ. ನಲವತ್ತು ಅಚ್ಚು ಕತ್ತರಿಸಿದಳೆಂದು ದಾಖಲೆ ಹೇಳುತ್ತದೆ. ಕುವಬಾರಾ-ಸಾನ್ ಊದಿಕೊಂಡ ಕೆನ್ನೆಯಲ್ಲಿ ಏನೋ ತಮಾಷೆ ಮಾಡಿದರು, ಇವಳು ನಕ್ಕಳು. ಹೊರಗೆ ಹಿಮ ಇಳಿಯುತ್ತಲೇ ಇತ್ತು. ಪ್ರತಿ ಹಳುಕೂ ಎರಡೇ ಮೈಕ್ರಾನ್ ದಪ್ಪವಿರುವಂತೆ ಅವಳಿಗೆ ಕಂಡಿತು.

ಗುರುವಾರ ರಜೆ. ಮಧ್ಯಾಹ್ನ ಕೊತಾತ್ಸು ಮೇಜಿನ ದಪ್ಪ ಹೊದಿಕೆಯೊಳಗೆ ಕಾಲು ಚಾಚಿ, ಕೆಳಗಿನ ಬಿಸಿ ಮಂಡಿಗೇರುವಾಗ ಅವಳಿಗೆ ಜೊಂಪು ಹತ್ತಿತು. ಕಿಟಕಿಯ ಕಾಗದದ ಮೇಲೆ ಹಿಮದ ಬೆಳಕು. ಆ ಬೆಳಕೇ ಅಗಲವಾಗಿ, ಗಾಜಾಗಿ, ಅವಳು ಅದರ ಮೇಲೆ ನಡೆಯತೊಡಗಿದಳು.

ಸಂಜೆಗತ್ತಲ ಊರು ಅದು. ನಸುಗೆಂಪು ಬೀದಿಗಳು ಸುರುಳಿ ಸುರುಳಿಯಾಗಿ ಹೋಗಿದ್ದವು. ಎರಡೂ ಕಡೆ ಅಂಟಿಕೊಂಡು ನಿಂತ ಮನೆಗಳು, ಒಂದೊಂದರಲ್ಲೂ ಹುರಿದ ಚಹಾ ಬಣ್ಣದ ಒಂದೊಂದು ದೀಪ. ಸೂರಿನಿಂದ ತೂಗುತ್ತಿದ್ದ ಮೀನುಗಳು ಅವಳನ್ನು ಕಂಡು ತಲೆ ಕೆಳಗಾಗಿಯೇ ನಮಸ್ಕರಿಸಿದವು. ಅವಳು ನಡೆದಳು, ಏಳು ವರ್ಷ ನಡೆದಳು, ಕಾಲು ನೋಯಲಿಲ್ಲ. ಬೀದಿಯ ಕೊನೆಗೆ ಬೆಳ್ಳನೆಯ ಕೇರಿ ಬಂತು. ಅಲ್ಲಿ ಮನೆಗಳಲ್ಲಿ ದೀಪವಿರಲಿಲ್ಲ. ಮನೆಗಳಲ್ಲಿ ಮಾತ್ರವಲ್ಲ, ಬೀದಿಯ ಕಲ್ಲುಗಳಲ್ಲಿ, ಬಾವಿಕಟ್ಟೆಯಲ್ಲಿ, ಬೇಲಿಯಲ್ಲಿ, ಬೇಲಿಗೆ ಒರಗಿದ ಪೊರಕೆಯಲ್ಲಿ, ಎಲ್ಲಿಯೂ ಕಂದು ಬಣ್ಣವಿರಲಿಲ್ಲ. ಒಂದು ಬಾಗಿಲು ತಟ್ಟಿದಳು. ಬೆರಳಿನ ಗೆಣ್ಣು ಬಾಗಿಲೊಳಗೆ ಹಾದುಹೋಯಿತು, ಮಂಜಿನೊಳಗೆ ಹೋದ ಹಾಗೆ. ಒಳಗೆ ಮುದುಕ ಕಾವಲುಗಾರನೊಬ್ಬ ಕೈಯಲ್ಲಿ ದೀಪ ಹಿಡಿದು ಕೂತಿದ್ದ.

"ದೀಪ ಇದ್ಯಲ್ಲಜ್ಜ," ಎಂದಳು.

"ಇದ್ದೇ ಇದೆ ಕಣಮ್ಮ," ಎಂದ ಮುದುಕ, ಬೇಸರದಿಂದ. "ಗೋಡೆ ಕಟ್ಟಿಸಿದೋರು ಯಾರೋ, ಕಾಗದಕ್ಕಿಂತ ತೆಳು ಮಾಡಿಟ್ಟಿದ್ದಾರೆ. ಬೆಳಕು ನಿಲ್ಲೋದಾದ್ರೂ ಎಲ್ಲಿ ನಿಲ್ಲಬೇಕು?"

ಅವಳು ಎಚ್ಚರಗೊಂಡಾಗ ಕಿಟಕಿ ಇನ್ನೂ ಬೆಳ್ಳಗಿತ್ತು. ಎದುರಿಗೆ ತಾಯಿ ಕೂತು ಕಿತ್ತಳೆ ಸುಲಿಯುತ್ತಿದ್ದಳು.

ಹೋದ ವರ್ಷ ಒಣಗಿಸಿದ್ದ ಮೀನು ಒಂದು ತುಂಡು ಉಳಿದಿತ್ತು, ಕಟ್ಟಿಗೆಯಂತೆ ಗಟ್ಟಿಯಾಗಿ. ಅಂಥದನ್ನು ತೆಳುವಾಗಿ ಹೆಚ್ಚಿ, ಮೇಲೆ ಎರಡು ಹನಿ ಅಕ್ಕಿಯ ಮದ್ಯ ಚಿಮುಕಿಸಿ ತಿನ್ನುವುದು ಆ ಊರಿನ ಸುಖ. ಹೆಚ್ಚುವುದು ಯಾವಾಗಲೂ ಮಗಳ ಕೆಲಸ, ಬೈಯುವುದು ತಾಯಿಯ ಕೆಲಸ. ಚಿಗುಸಾ ಹಲಗೆ ಎಳೆದುಕೊಂಡು ನಿದ್ದೆಗಣ್ಣಿನಲ್ಲೇ ಹೆಚ್ಚಿದಳು. ಇಸೋ ಒಂದು ಹೋಳನ್ನು ಊಟದ ಕಡ್ಡಿಗಳಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹೋಳಿನ ಆಚೆ ಕಿಟಕಿಯ ಚೌಕಟ್ಟು, ಹೊರಗಿನ ಪೈನ್ ಮರ, ಅದರ ಮೇಲಿನ ಕಾಗೆ, ಎಲ್ಲ ಸ್ಪಷ್ಟವಾಗಿ ಕಂಡವು. ಕಾಗೆಯ ವಯಸ್ಸೂ ಹೇಳಬಹುದಿತ್ತು.

"ನೀನು ಹೆಚ್ಚಿದ್ರೆ ಮೀನು ನಾಲಿಗೆಗೆ ಬಂತೋ ಬಂದು ಹೋಯ್ತೋ ಗೊತ್ತಾಗಲ್ವೇ," ಎಂದಳು ಇಸೋ. "ಬಣ್ಣವೂ ಇಲ್ಲ, ರುಚಿಯೂ ಇಲ್ಲ. ನಿಮ್ಮ ಆಸ್ಪತ್ರೆಯೋರು ನಿನ್ನ ಹೊಗಳಿ ಹೊಗಳಿ ಹಾಳು ಮಾಡಿದ್ದಾರೆ."

ಬೈಯುತ್ತಲೇ ಮೂರು ಹೋಳುಗಳನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಎತ್ತಿದಳು. ಅವು ಕಿಟಕಿಯ ಬೆಳಕನ್ನು ಹಾದಾಗ ಅಂಬರಿನ, ಹುರಿದ ಚಹಾದ, ಹಳೆಯ ದೀಪದ ಬಣ್ಣ ಒಮ್ಮೆಗೇ ಹೊತ್ತಿಕೊಂಡಿತು. ಇಸೋ ಅದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

ಚಿಗುಸಾಳ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ಮಂಗಳವಾರ ಅವಳು ನೋಡಿದ್ದು ಚೀಲದ ಒಳಪದರದ ಮನೆಗಳನ್ನು ಮಾತ್ರ. ಬೆಳ್ಳಗಿದ್ದವು, ಸರಿ. ಆದರೆ ಆ ಮನೆಗಳ ಸುತ್ತಲಿನ ಸಾಧಾರಣ ಕೋಶಗಳು? ಕಾವಲುಗಾರ ಎಂದೂ ಮನೆ ಬಿಡದ, ಯಾವಾಗಲೂ ಕಂದಾಗಿರಲೇಬೇಕಾದ ನೆರೆಹೊರೆ? ಮೊದಲು ನೋಡಬೇಕಾದದ್ದು ಅದನ್ನೇ. ಹೊಸದಾಗಿ ಸೇರಿದವರಿಗೆ ಮೊದಲ ವಾರ ಅವಳೇ ಹೇಳಿಕೊಡುತ್ತಿದ್ದ ಪಾಠ ಅದು. ನೆರೆಯ ಮನೆಗಳೂ ಬೆಳ್ಳಗಿದ್ದರೆ ಹೋದದ್ದು ಕಾವಲುಗಾರನಲ್ಲ. ಹೋಳು ಅಲ್ಲಿ ತೀರ ತೆಳುವಾಗಿ ಬಣ್ಣ ಕೂತಿಲ್ಲ ಎಂದರ್ಥ. ತನ್ನದೆಂದು ಗೊತ್ತಿದ್ದರಿಂದ ಅವಳು ಒಂದೇ ಸಲ ಬಗ್ಗಿ, ಹೆದರಿ, ಕಣ್ಣು ಸರಿಸಿಬಿಟ್ಟಿದ್ದಳು. ನೆರೆಹೊರೆ ಹೇಗಿತ್ತೆಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಕನಸಿನಲ್ಲಿ ಬಾವಿಕಟ್ಟೆ ಬೆಳ್ಳಗಿತ್ತು. ಕನಸನ್ನು ನಂಬಿ ವರದಿ ಬರೆಯುವಂತಿಲ್ಲ.

ಅಚ್ಚನ್ನು ಮತ್ತೆ ಕತ್ತರಿಸಬೇಕು. ತಾನು ಕತ್ತರಿಸುವಂತಿಲ್ಲ. ಬೇರೆಯವರು ಕತ್ತರಿಸಬೇಕಾದರೆ, ಮೊದಲ ಹೋಳನ್ನು ಕತ್ತರಿಸಿದ್ದು ತಾನೆಂದೂ, ಅದು ಕೆಟ್ಟಿರಬಹುದೆಂದೂ ಹೇಳಬೇಕು. ಹದಿನಾರು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದಿರಲಿಲ್ಲ. ಹೇಳದಿದ್ದರೂ ನಡೆಯುತ್ತಿತ್ತೇನೋ, ಉಸುಯಿ ಸೆನ್ಸೇ ಹದ್ದಿನ ಕಣ್ಣಿನವರು, ಅವರೇ ಕಂಡುಹಿಡಿದು ಮತ್ತೆ ಕತ್ತರಿಸಲು ಹೇಳಿಯಾರು. ಹೇಳದಿರಲೂಬಹುದು, ಅಂಚಿನಲ್ಲಿ ಹೇಗೋ ತಿಳಿಬಣ್ಣ ಕಂಡು, ಸಾಕು ಎಂದುಕೊಳ್ಳಲೂಬಹುದು. ಶುಕ್ರವಾರ ಮೂರು ಗಂಟೆಗೆ ಡಾಕ್ಟರಮ್ಮನ ಕೋಣೆಯಲ್ಲಿ ವರದಿಯ ಆ ಒಂದು ಸಾಲು ಓದಲ್ಪಡುತ್ತದೆ. ಅವಳು ಸ್ನಾನದ ತೊಟ್ಟಿಯಲ್ಲಿ ಗದ್ದದವರೆಗೆ ಮುಳುಗಿ, ಹಬೆಯಲ್ಲಿ ತನ್ನ ಹೊಟ್ಟೆಯ ಮೇಲಿನ ನಾಲ್ಕು ಸಣ್ಣ ಗಾಯದ ಗುರುತುಗಳನ್ನು ಒಂದೊಂದಾಗಿ ಮುಟ್ಟಿದಳು. ನೀರು ಅಲ್ಲಾಡಿದಾಗ ಅವು ಮೀನಿನ ಮರಿಗಳಂತೆ ಈಜಿದವು.

ಶುಕ್ರವಾರ ಬೆಳಗ್ಗೆ ಏಳೂವರೆಗೇ ಪ್ರಯೋಗಾಲಯದಲ್ಲಿ ಕುವಬಾರಾ-ಸಾನ್ ಇದ್ದರು. ಆಕೆ ಅಲ್ಲಿ ಇರದ ಹೊತ್ತು ಯಾವುದೆಂದು ದೇವರಿಗೂ ಗೊತ್ತಿಲ್ಲ. ಚಿಗುಸಾ ಕೋಟು ಬಿಚ್ಚದೆಯೇ ನಡು ಬಗ್ಗಿಸಿ, ನೆಲ ನೋಡುತ್ತಾ ಹೇಳಿದಳು. ತನ್ನದೆಂದು ತಿಳಿದೂ ಕತ್ತರಿಸಿದ್ದು, ಎರಡಕ್ಕಿಟ್ಟಿದ್ದು, ಕದ್ದು ನೋಡಿದ್ದು, ಬೆಳ್ಳಗೆ ಕಂಡದ್ದು. ಹೇಳುವಾಗ ಅವಳಿಗೆ ತನ್ನ ಮಾತು ಬಹಳ ದೂರದಿಂದ, ನೀರಿನಡಿಯಿಂದ ಬರುತ್ತಿರುವಂತೆ ಕೇಳಿಸಿತು.

ಕುವಬಾರಾ-ಸಾನ್ ಬೈಯಲಿಲ್ಲ. ಅದೇ ಭಯಂಕರ. ಪಟ್ಟಿಯನ್ನು ಹುಡುಕಿ ಸೂಕ್ಷ್ಮದರ್ಶಕದಡಿ ಇಟ್ಟು, ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಹೊರಗೆ ಎರಡು ಅಡಿ ಹಿಮ ಬಿದ್ದು, ಕರಗಿ, ಚೆರ್ರಿ ಹೂ ಅರಳಿ ಉದುರಿತು. ಕೊನೆಗೆ ಕಣ್ಣು ತೆಗೆಯದೆಯೇ ಮಾತಾಡಿದರು.

"ಚಿಗು-ಚಾನ್, ಇದನ್ನ ಕತ್ತರಿಸುವಾಗ ನೀನು ಉಸಿರು ಬಿಟ್ಟಿದ್ಯಾ?"

ಚಿಗುಸಾ ಯೋಚಿಸಿದಳು. ಮಂಜುಗಡ್ಡೆ ನೆನಪಿತ್ತು. ಅಲಗು ನೆನಪಿತ್ತು. ಗಾಳಿ ನಿಂತದ್ದು ನೆನಪಿತ್ತು. ಮುಖಗವುಸು ಗದ್ದಕ್ಕೆ ಇಳಿದದ್ದು ನೆನಪಿಗೆ ಬರಲಿಲ್ಲ.

"ಇಲ್ಲ," ಎಂದಳು. "ಹಿಡ್ಕೊಂಡಿದ್ದೆ."

"ಕಾಣ್ತಾ ಇದೆ. ಒಣಗಿದ ಮೇಣ ನಡೂಮಧ್ಯೆ ಅದುರಿದೆ. ಎರಡೇ ತೆಳು, ಅಲ್ಲಿ ಒಂದು ಮೈಕ್ರಾನೂ ಇಲ್ಲ. ನೆರೆಮನೆಯೋರೂ ಬಿಳಿಚಿಕೊಂಡಿದ್ದಾರೆ ನೋಡು." ಕುವಬಾರಾ-ಸಾನ್ ಸರಿದು ಜಾಗ ಬಿಟ್ಟರು. "ಊರವರಿಗೆಲ್ಲ ಹದಿನಾರು ವರ್ಷ ಉಸಿರು ಕೊಟ್ಟೆ. ನಿನ್ನ ಪಾಲಿಗೆ ಬಂದಾಗ ಜಿಪುಣಿಯಾದ್ಯಲ್ಲೇ."

ಚಿಗುಸಾ ನೋಡಿದಳು. ಕನಸಿನ ಬಾವಿಕಟ್ಟೆ, ಬೇಲಿ, ಪೊರಕೆ, ಎಲ್ಲವೂ ಅಲ್ಲಿದ್ದವು, ಬೆಳ್ಳಗೆ. ಆದರೆ ಅದರಿಂದ ಅವಳ ಎದೆ ಹಗುರಾಗಲಿಲ್ಲ. ಈ ಪಟ್ಟಿ ಕೆಟ್ಟಿದೆ ಎಂದಷ್ಟೇ ಅದು ಹೇಳುತ್ತಿತ್ತು. ಕಾವಲುಗಾರ ಇದ್ದಾನೆ ಎಂದು ಹೇಳುತ್ತಿರಲಿಲ್ಲ. ಬಣ್ಣ ಕೂತಾಗ ನೆರೆಮನೆಗಳು ಬೆಳಗಿ, ಆ ಮನೆಗಳು ಮಾತ್ರ ಬೆಳ್ಳಗೆ ಉಳಿದರೆ?

ಕುವಬಾರಾ-ಸಾನ್ ಅಚ್ಚನ್ನು ಮಂಜುಗಡ್ಡೆಯ ಮೇಲಿಟ್ಟರು. ಚಿಗುಸಾಳಿಗೆ ಕಿಟಕಿಯ ಕಡೆ ಕೈ ತೋರಿಸಿದರು. ಪದ್ಧತಿ ಎಂದರೆ ಪದ್ಧತಿ. ಅವಳು ಹೋಗಿ ಗಾಜಿಗೆ ಹಣೆ ಒತ್ತಿ ನಿಂತಳು. ಹಿಂದೆ ಯಂತ್ರದ ಮುಳ್ಳು ತಿರುಗುವ ಸದ್ದು: ನಾಲ್ಕು. ಆಮೇಲೆ ಉಸಿರು. ಅಷ್ಟು ಉದ್ದದ ಉಸಿರನ್ನು ಮನುಷ್ಯರು ಬಿಟ್ಟದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ಅದು ಸೈಬೀರಿಯಾದಿಂದ ಹೊರಟು, ಸಮುದ್ರ ದಾಟಿ, ಮಿಯೊಮೊತೆ ನದಿಯ ಮೇಲೆ ಹಾದು, ಊರಿನ ಎಲ್ಲ ಮೀನುಗಳನ್ನು ಒಮ್ಮೆ ತೂಗಿ, ಒಳಗೆ ಬಂದು ಆ ಪುಟ್ಟ ಅಚ್ಚಿನ ಮೇಲೆ ಕೂತಿತು. ಕಿಟಕಿಯ ಗಾಜು ಮಸುಕಾಯಿತು. ಅದು ತನ್ನ ಉಸಿರು ಎಂದು ಚಿಗುಸಾಳಿಗೆ ತಡವಾಗಿ ಗೊತ್ತಾಯಿತು. ಇಬ್ಬರೂ ಒಟ್ಟಿಗೆ ಬಿಟ್ಟಿದ್ದರು.

ಎರಡೂವರೆ ತಾಸು. ಉಸುಯಿ ಸೆನ್ಸೇ ಹತ್ತರ ರೈಲಿಗೆ ಬಂದರು. ಬೂಟಿನ ಹಿಮ ಕೊಡವಿ, ಸೂಕ್ಷ್ಮದರ್ಶಕದ ಮುಂದೆ ಕೂತು, ಬಿಸಿ ಪಟ್ಟಿಯನ್ನು ತಣ್ಣಗಾಗಲು ಬಿಟ್ಟು, ತಾವು ತಂದ ಅನ್ನದ ಉಂಡೆ ತಿಂದರು. ಬೇರೆಯವರ ಹೊಟ್ಟೆ ನೋಡುವ ಮೊದಲು ತಮ್ಮ ಹೊಟ್ಟೆ ನೋಡಿಕೊಳ್ಳುವುದು ಅವರ ಕ್ರಮ. ಕತ್ತರಿಸಿದ್ದು ಯಾರು, ಯಾಕೆ ಎರಡು ಪಟ್ಟಿ ಎಂದು ಕುವಬಾರಾ-ಸಾನ್ ಆಗಲೇ ಹೇಳಿಯಾಗಿತ್ತು. ಸೆನ್ಸೇ ಎರಡನ್ನೂ ನೋಡಿದರು. ಮೊದಲನೆಯದರ ಮೇಲೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದರು. ಎರಡನೆಯದನ್ನು ಮೂಲೆಯಿಂದ ಮೂಲೆಗೆ, ಗದ್ದೆಯ ಬದುವಿನ ಮೇಲೆ ನಡೆಯುವವರ ಹಾಗೆ ನಡೆದು ನೋಡಿದರು. ಆಮೇಲೆ ಚಿಗುಸಾಳನ್ನು ಕರೆದು ಪಕ್ಕದ ಕಣ್ಣುಕೊಳವೆ ತೋರಿಸಿದರು.

ಊರಿಡೀ ದೀಪ ಹಚ್ಚಿತ್ತು. ಬೆಳ್ಳನೆಯ ಕೇರಿ ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ. ಬಾವಿಕಟ್ಟೆ ಕಂದು, ಬೇಲಿ ಕಂದು, ಸುರುಳಿ ಬೀದಿಯ ಎರಡೂ ಬದಿ ಮನೆ ಮನೆಯಲ್ಲೂ ಮುದುಕ ಕಾವಲುಗಾರರು ದೀಪ ಹಿಡಿದು ಕೂತಿದ್ದರು.

"ಇದ್ದಾನೆ," ಎಂದರು ಸೆನ್ಸೇ. "ಇಲ್ಲಿ ಕತ್ತರಿಸಿದ ಕಡೆ ಎಲ್ಲ ಇದ್ದಾನೆ. ಕತ್ತರಿಸದೆ ಉಳಿದ ಕಡೆ ಬಗ್ಗೆ ನಾನು ಮಾತಾಡಲ್ಲ, ಯಾರೂ ಮಾತಾಡಕ್ಕಾಗಲ್ಲ."

ಇನ್ನೊಂದು ವಿಷಯವನ್ನೂ ಅವರು ಮುಚ್ಚಿಡಲಿಲ್ಲ. ವಿಶ್ವವಿದ್ಯಾಲಯದವರು ಅದೇ ಚೀಲದ ಬೇರೆ ಚೂರಿನಲ್ಲಿ ಜೀನಿನ ಅಕ್ಷರಗಳನ್ನು ಓದಿದಾಗ, ಕೆಲವು ಕ್ಯಾನ್ಸರುಗಳಲ್ಲಿ ಕೆಟ್ಟಿರುವ ಕೆ-ರಾಸ್ ಎಂಬ ಜೀನಿನಲ್ಲಿ ಒಂದು ಅಕ್ಷರ ತಪ್ಪಿರುವುದು ಕಂಡಿತ್ತು. ಚಿಗುಸಾಳ ಮುಖ ನೋಡಿ, ಅಂಥ ಅಕ್ಷರ ತಪ್ಪು ಏನೂ ಕಾಯಿಲೆ ಇಲ್ಲದ ಹೆಂಗಸರ ಗರ್ಭಕೋಶದಲ್ಲೂ ಸಿಗುತ್ತದೆ, ವಯಸ್ಸಾದಂತೆ ಎಲ್ಲರ ಪುಸ್ತಕದಲ್ಲೂ ಅಲ್ಲೊಂದು ಇಲ್ಲೊಂದು ತಪ್ಪು ಸೇರಿಕೊಳ್ಳುತ್ತದೆ, ಅದೊಂದರಿಂದ ಯಾರೂ ಮುಂದಿನದನ್ನು ಹೇಳಲಾರರು ಎಂದರು. ಭರವಸೆ ಎಂದು ಕರೆಯಲು ಅದು ಬಹಳ ತೆಳುವಾಗಿತ್ತು. ಆದರೆ ತೆಳುವಾದದ್ದನ್ನು ಒಡೆಯದಂತೆ ಎತ್ತುವುದು ಚಿಗುಸಾಳಿಗೆ ಬರುತ್ತಿತ್ತು.

ಮೂರು ಗಂಟೆಗೆ ಡಾಕ್ಟರಮ್ಮ ವರದಿಯ ಆ ಸಾಲನ್ನು ಓದಿ, ಹಾಗಾದರೆ ಸದ್ಯಕ್ಕೆ ತೆಗೆಯುವ ಮಾತು ಬೇಡ ಎಂದರು. ಮಾತ್ರೆ, ಆರು ತಿಂಗಳಿಗೊಮ್ಮೆ ಪರೀಕ್ಷೆ, ಚೀಲ ಮತ್ತೆ ಕಟ್ಟಿಕೊಂಡರೆ ಮತ್ತೆ ಮಾತು. ಮಾತ್ರೆ ನುಂಗುವಾಗ ತಿಂಗಳ ನೋವು ಬರದೇ ಇರಬಹುದು ಎಂದೂ ಹೇಳಿದರು. ಆಮೇಲೆ, ಆರು ತಿಂಗಳಿಗೊಮ್ಮೆ ಈ ಹೆದರಿಕೆಯನ್ನು ಹೊತ್ತು ತರುವುದು ನಿಮಗೆ ಭಾರವಾಗುತ್ತದೆಯೇ, ಆಗುತ್ತದೆ ಎಂದಾದರೆ ತೆಗೆಸಿಬಿಡುವುದೂ ತಪ್ಪಲ್ಲ ಎಂದು ಕೇಳಿದರು. ಕಿಟಕಿಯಾಚೆ ಹಿಮ ನಿಂತು, ಬೆಳಕು ಜೇನಿನ ಬಣ್ಣಕ್ಕೆ ತಿರುಗಿತ್ತು. ಭಾರವಾಗುತ್ತದೆ, ಹೊರುತ್ತೇನೆ, ಇರಲಿ ಎಂದಳು ಚಿಗುಸಾ.

ಮನೆಗೆ ಬಂದಾಗ ಇಸೋ ಅಂಗಳದ ಹಲಗೆಯ ಮೇಲೆ ಒಂಬತ್ತನೇ ಮೀನನ್ನು ಮಲಗಿಸಿ, ಚಾಕು ಮಸೆಯುತ್ತಿದ್ದಳು. ಆ ಮೀನು ಎಷ್ಟು ದೊಡ್ಡದೆಂದರೆ ಬಾಲ ಇವರ ಅಂಗಳದಲ್ಲಿ, ತಲೆ ನದಿಯಲ್ಲಿಯೇ ಇತ್ತೋ ಏನೋ. ಮಗಳ ಹೆಜ್ಜೆಯ ಸದ್ದಿಗೇ ತಾಯಿಗೆ ಎಲ್ಲ ಗೊತ್ತಾಗಿತ್ತು. ಆದರೂ ಮಸೆಯುವುದನ್ನು ನಿಲ್ಲಿಸದೆ ಕಾದಳು.

"ಉಳೀತಮ್ಮ," ಎಂದಳು ಚಿಗುಸಾ. "ನೋಡ್ತಾ ಇರ್ಬೇಕಂತೆ. ಆದ್ರೆ ಉಳೀತು."

ಇಸೋ ತಲೆಯಾಡಿಸಿದಳು. ಚಾಕುವಿನ ಹಿಡಿಯನ್ನು ಮಗಳ ಕಡೆ ತಿರುಗಿಸಿ ಕೊಟ್ಟಳು. ಅದುವರೆಗೆ ಮೀನಿನ ಹೊಟ್ಟೆ ಸೀಳುವ ಕೆಲಸವನ್ನು ಆಕೆ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಚಿಗುಸಾ ಹಿಮದಲ್ಲಿ ಮಂಡಿಯೂರಿದಳು. ಮೀನಿನ ಬೆಳ್ಳಿ ಹೊಟ್ಟೆಯ ಮೇಲೆ ತಾಯಿ ಎರಡು ಬೆರಳಿಟ್ಟು ತೋರಿಸಿದಳು, ಇಲ್ಲಿಂದ ಇಲ್ಲಿಗೆ ಮುಟ್ಟಬಾರದು. ಮೊದಲ ಸೀಳು ಹಾಕುವ ಮುನ್ನ ಚಿಗುಸಾ ಅಭ್ಯಾಸಬಲದಿಂದ ಬಗ್ಗಿ 'ಹಾ' ಎಂದು ಉಸಿರು ಬಿಟ್ಟಳು. ಬಿಳಿಯ ಹಬೆ ಮೀನಿನ ಹೊಟ್ಟೆಯ ಮೇಲೆ ಹರಡಿ, ತಾಯಿಯ ಎರಡು ಬೆರಳುಗಳನ್ನು ಸುತ್ತಿ, ಸೂರಿನ ಎಂಟು ಮೀನುಗಳ ಕಡೆ ಏರಿತು.

"ಮೀನಿಗೆ ಚಳಿ ಇಲ್ಲ ಕಣೇ," ಎಂದಳು ಇಸೋ. "ಕತ್ತರಿಸು. ನಿನ್ನೆ ಉಳಿದ ಮೀನು ಹೆಚ್ಚುವಾಗ ಹೋಳು ಮಾತ್ರ ದಪ್ಪಗಿರಲಿ, ಇವತ್ತು ರಾತ್ರಿಗೆ ಸುಡ್ತೀನಿ."

ಚಿಗುಸಾ ಮೇಲಿನಿಂದ ಸೀಳಿಕೊಂಡು ಬಂದು ಬೆರಳಿನ ಹತ್ತಿರ ನಿಲ್ಲಿಸಿದಳು. ಚಾಕು ಎತ್ತಿ, ಎರಡು ಬೆರಳಗಲ ಚರ್ಮವನ್ನು ದಾಟಿಸಿ, ಆಚೆ ಕಡೆಯಿಂದ ಮತ್ತೆ ಶುರು ಮಾಡಿದಳು.